ಅಲೈನ್‌ಮೆಂಟ್ ವಾಸುವಿನ ಹೊಟ್ಟೆಕಿಚ್ಚು

ಕಾಪುವಿನ ವಾಸು ಮೂವತ್ತು ವರ್ಷಗಳಿಂದ ಬರೀ ನೂಲು ಹಿಡಿದು ಕಾರಿನ ಚಕ್ರ ನೇರ ಮಾಡುವವನು. ಮಣಿಪಾಲದ ಜಿತೇಂದ್ರ ಅದಕ್ಕೆ ಕಂಪ್ಯೂಟರ್ ಯಂತ್ರ ತಂದಂದಿನಿಂದ ಇವನಿಗೆ ಬಂಗುಡೆ ಸಾರೂ ರುಚಿಸುತ್ತಿರಲಿಲ್ಲ.

ಮೊನ್ನೆ ಹರ್ಷಿಣಿ ಎಂಬ ಟೀಚರು ನೆಲಕ್ಕೆ ತಾಗುವಷ್ಟು ತಗ್ಗಿಸಿದ ಕಾರು ತಂದರು. ಚಕ್ರಗಳ ತಲೆ ಒಳಕ್ಕೆ ವಾಲಿ, ಟಯರಿನ ಒಳ ಅಂಚು ಸವೆದಿತ್ತು.

"ಮಣಿಪಾಲದಲ್ಲಿ ದೊಡ್ಡ ಯಂತ್ರ ಉಂಟಲ್ವಾ?" ಎಂದ ವಾಸು.

"ಅದಕ್ಕೆ ಹತ್ತಿಸುವಾಗ ಬಂಪರ್ ತಾಗ್ತದೆ ವಾಸಣ್ಣ."

ವಾಸುವಿನ ಎದೆ ಹಿಗ್ಗಿತು. ನೂಲು ಎಳೆದು, ಇಳಿಬಿಟ್ಟು, ಬೋಲ್ಟು ತಿರುಗಿಸಿ ನಾಲ್ಕೂ ಚಕ್ರಗಳನ್ನು ನೆಟ್ಟಗೆ ನಿಲ್ಲಿಸಿದ.

"ಇನ್ನು ಆ ಜಿತೇಂದ್ರನಿಗೆ ತೋರಿಸಿ."

"ಅವರೇ ಕಳಿಸಿದ್ದು. ಈ ಕೆಲಸಕ್ಕೆ ವಾಸಣ್ಣನೇ ಆಗಬೇಕು ಅಂದರು."

ವಾಸುವಿನ ಮುಖ ಬಾಡಿತು. ಯಂತ್ರವಂತೂ ಅವನದ್ದು, ಈಗ ದೊಡ್ಡ ಮನಸ್ಸೂ ಅವನದ್ದೇ ಆಯಿತಲ್ಲ ಎಂದು ಒಳಗೊಳಗೇ ಕುದಿದ.