ಉಳುಕಿದ ಕಾಲು

ಅಂಗವಿಕಲರನ್ನು ಹುಡುಕಿಕೊಡುವುದು ನನ್ನ ಕೆಲಸವಾಗಿತ್ತು. ಹೀಗೆಂದರೆ ಜನಕ್ಕೆ ನಗು ಬರುತ್ತದೆ, ನನ್ನ ಕಾಲಿಗೆ ಆಸರೆಯಾಗಿ ಕಟ್ಟಿದ ಕಬ್ಬಿಣದ ಕ್ಯಾಲಿಪರ್ ಕಂಡೊಡನೆ ನಗು ನುಂಗಿಕೊಳ್ಳುತ್ತಾರೆ. ಕಾಲೇಜಿನಲ್ಲಿ ಪಾಠ ಮಾಡುವ ಮೇಡಂ ಒಬ್ಬರು ಅಂಗವಿಕಲರ ಅಸ್ಮಿತೆಯ ಮೇಲೆ ಸಂಶೋಧನೆ ನಡೆಸುತ್ತಿದ್ದರು. ನಾವು ನಮ್ಮನ್ನು ಏನೆಂದುಕೊಳ್ಳುತ್ತೇವೆ ಎಂಬುದನ್ನು ನಮ್ಮ ಬಾಯಿಂದಲೇ ಕೇಳಿ ರೆಕಾರ್ಡ್ ಮಾಡಿಕೊಳ್ಳುವುದು ಅವರ ಕೆಲಸ. ಮಾತಾಡುವವರನ್ನು ಹುಡುಕಿ ಒಪ್ಪಿಸುವುದು ನನ್ನದು. ನಿಮ್ಮ ಕಾಲು ನೋಡಿದರೆ ಅವರಿಗೆ ಧೈರ್ಯ ಬರುತ್ತದೆ ಎಂದು ಮೇಡಂ ನೇರವಾಗಿಯೇ ಹೇಳಿದ್ದರು. ಪೋಲಿಯೊ ನನಗೆ ಕೊಡಿಸಿದ ಮೊದಲ ಉದ್ಯೋಗ ಅದು.

ಒಂದು ಕಾಲು ಗಿಡ್ಡವಿರುವವರ ಚಪ್ಪಲಿಗೆ ದಪ್ಪ ಅಟ್ಟೆ ಹಾಕಿಕೊಡುವ ಅಂಗಡಿಯೊಂದು ಶಿವಾಜಿನಗರದಲ್ಲಿದೆ. ಅಲ್ಲಿಯ ಬೆಂಚಿನ ಮೇಲೆ ಅವಳು ಸಿಕ್ಕಳು. ಯಾದಗಿರಿ ಕಡೆಯವಳು. ಗಂಡನಿಗೆ ಸೆಂಟ್ರಿಂಗ್ ಕೆಲಸ, ಇವಳು ಸಿ.ವಿ. ರಾಮನ್ ನಗರದ ಆಫೀಸೊಂದರಲ್ಲಿ ಟೀ ಕೊಟ್ಟು ಲೋಟ ತೊಳೆಯುವವಳು. ನಾನು ವಿಷಯ ಹೇಳಿದಾಗ ನನ್ನ ಹತ್ತಿರಕ್ಕೆ ಸರಿದು ಕೂತಳು.

"ಏನಾಯ್ತು ಅಂತ ಎಲ್ಲಾರೂ ಕೇಳ್ಯಾರ್ರಿ ಅಕ್ಕಾರ. ನಿನಗ ಹ್ಯಾಂಗ ಅನಸ್ತದ ಅಂತ ಯಾರೂ ಕೇಳಿಲ್ಲ."

ಅಷ್ಟು ಆಸೆಯಿಂದ ಒಪ್ಪಿಕೊಂಡವರು ಇನ್ನೊಬ್ಬರಿರಲಿಲ್ಲ. ಉಳಿದವರನ್ನೆಲ್ಲ ನಾನು ಗೋಗರೆದು ಒಪ್ಪಿಸಿದ್ದೆ.

ಚಪ್ಪಲಿ ಆಗುವವರೆಗೆ ಅವಳು ರೂಮ್ ಹುಡುಕಿದ ಕಥೆ ಹೇಳಿದಳು. ಬೆಂಗಳೂರಿನ ಮನೆ ಮಾಲೀಕರು ಜಾತಿ ಕೇಳುತ್ತಾರೆ, ಮಾಂಸ ತಿನ್ನುತ್ತೀರಾ ಎಂದು ಕೇಳುತ್ತಾರೆ. ನಮ್ಮಂಥವರಿಗೆ ಇನ್ನೊಂದು ಪ್ರಶ್ನೆ ಹೆಚ್ಚಿಗೆ. ಮೆಟ್ಟಿಲಲ್ಲಿ ಜಾರಿ ಬಿದ್ದರೆ ಯಾರು ಜವಾಬ್ದಾರಿ ಎಂದು, ಪಾಪ, ನಮ್ಮ ಬಗ್ಗೆ ಅವರಿಗೆ ಬಹಳ ಕಾಳಜಿ. ಟು-ಲೆಟ್ ಬೋರ್ಡು ತೂಗುತ್ತಿದ್ದ ಮನೆಯವರು ಕೂಡ ಇವಳ ನಡಿಗೆ ಕಂಡೊಡನೆ ಖಾಲಿ ಇಲ್ಲ ಎಂದಿದ್ದರು. ಕೊನೆಗೆ ಕೆ.ಆರ್. ಪುರದಲ್ಲಿ, ಕಾಲು ಉಳುಕಿದೆ ಎಂದು ಹೇಳಿದಳು. ಮೇಲಿನ ಮಹಡಿಯ ರೂಮ್ ಸಿಕ್ಕಿತು.

ಅಂದು ಉಳುಕಿದ್ದು ಇನ್ನೂ ವಾಸಿಯಾಗಿರಲಿಲ್ಲ. ಕೆಳಗಿನ ಮನೆಯ ಓನರ್ ಆಂಟಿ ಆಗಾಗ ವಿಚಾರಿಸಿ ಎಣ್ಣೆ ಕೊಡುತ್ತಿದ್ದರು, ಇವಳು ತಿಕ್ಕಿಕೊಳ್ಳುತ್ತಿದ್ದಳು. ಸತ್ಯ ಇಬ್ಬರಿಗೂ ಗೊತ್ತಿತ್ತು ಎಂದೇ ನನ್ನ ಅಂದಾಜು. ಬಾಯಿಬಿಟ್ಟು ಹೇಳುವವರೆಗೆ ಉಳುಕು ಉಳುಕೇ. ನಾನು ಬೆಂಚಿನ ಮೇಲೆ ಬಿದ್ದು ಬಿದ್ದು ನಕ್ಕೆ, ಅವಳೂ ನಕ್ಕಳು.

ಆದರೆ ಮೇಡಂಗೆ ಒಂದು ನಂಬಿಕೆ: ಜನ ಮನಸ್ಸು ಬಿಚ್ಚುವುದು ತಮ್ಮ ಮನೆಯಲ್ಲೇ. ಅವಳ ಮನೆ ಬೇಡ ಎಂದು ನಾನು ಹೇಳಿ ನೋಡಿದೆ, ಕೇಳಲಿಲ್ಲ. ಅವಳೂ ಬರ್‍ರಿ ಅಂದಳು, ಭಾನುವಾರ ಬೆಳಗ್ಗೆ ಆಂಟಿ ಚರ್ಚಿಗೆ ಹೋಗಿರುತ್ತಾರಂತೆ. ಹಾಳಾದ್ದು, ಆ ಭಾನುವಾರ ಆಂಟಿಗೆ ನೆಗಡಿ. ಮೆಟ್ಟಿಲ ಮೇಲೆ ನನ್ನ ಕ್ಯಾಲಿಪರ್ ಟಕಟಕ ಎನ್ನುವುದನ್ನು ಕೇಳಿ, ಯಾರಪ್ಪ ಇದು ಎಂದು ನಮ್ಮ ಹಿಂದೆಯೇ ಹತ್ತಿ ಬಂದು ಬಾಗಿಲಲ್ಲಿ ನಿಂತರು. ಆಂಟಿಯನ್ನು ಯಾರೋ ಮನೆಯ ಹಿರಿಯರೆಂದುಕೊಂಡು ಮೇಡಂ ನಮಸ್ಕಾರ ಮಾಡಿದರು. ನಾನು ಕಣ್ಸನ್ನೆ ಮಾಡುವಷ್ಟರಲ್ಲಿ ರೆಕಾರ್ಡರ್ ಆನ್ ಆಗಿತ್ತು.

ಮೊದಲ ಪ್ರಶ್ನೆಗೆ ಹೌದು ಎಂದರೆ ಮಾತ್ರ ಮುಂದಿನದು. "ನೀವು ನಿಮ್ಮನ್ನ ಅಂಗವಿಕಲ ವ್ಯಕ್ತಿ ಅಂದ್ಕೊಳ್ತೀರಾ?"

ಅವಳು ಬಾಗಿಲ ಕಡೆ ನೋಡಿ ನೆಟ್ಟಗೆ ಕೂತಳು. "ಇಲ್ರಿ ಮೇಡಂ. ನನಗೇನೂ ತ್ರಾಸಿಲ್ಲ. ಮೆಟ್ಲ ಏರ್ತೀನಿ, ನೀರ್ ಹೊರ್ತೀನಿ, ಯಾರಿಗೂ ಭಾರ ಆಗಂಗಿಲ್ಲ. ಕಾಲ್ ಉಳುಕ್ಯಾದ, ಅಷ್ಟ."

ಅದು ರೂಮ್ ಕೇಳಲು ಹೋದಾಗ ಒಪ್ಪಿಸುವ ಪಾಠ. ರಿಚರ್ಡ್ಸ್ ಟೌನಿನ ಅದೆಷ್ಟು ಗೇಟುಗಳ ಮುಂದೆ ನಾನೂ ಅದನ್ನು ಒಪ್ಪಿಸಿದ್ದೇನೆ, ಯಾರಿಗೂ ಭಾರವಾಗುವುದಿಲ್ಲ ಎಂಬ ಮಾತೂ ಸೇರಿ. ಮೇಡಂ ಪ್ರಶ್ನೆಯನ್ನು ತಿರುಗಿಸಿ ಮುರುಗಿಸಿ ಕೇಳಿದರು. ಅವಳು ಅದನ್ನೇ ಹೇಳಿದಳು. ಟೀ ಕುಡಿದು ಇಳಿದು ಬಂದೆವು.

ಆಟೊದಲ್ಲಿ ಮೇಡಂ, ಪಾಪ, ಆಕೆ ಇನ್ನೂ ತನ್ನನ್ನು ತಾನು ಒಪ್ಪಿಕೊಂಡಿಲ್ಲ ಎಂದು ನಿಟ್ಟುಸಿರುಬಿಟ್ಟರು. ನನಗೆ ಮೈಯೆಲ್ಲ ಉರಿಯಿತು. ಬಾಗಿಲಲ್ಲಿ ನಿಂತಿದ್ದವರು ಮನೆಯ ಓನರ್ ಎಂದೆ. ಅವರ ಮುಖ ಸಣ್ಣಗಾಯಿತು. ಕೆಟ್ಟವರಲ್ಲ ಅವರು. ಇನ್ನೊಮ್ಮೆ ಕೇಳೋಣ ಎಂದರೆ ಒಪ್ಪಲಿಲ್ಲ, ಇಲ್ಲ ಎಂದವರ ಹತ್ತಿರ ಮತ್ತೆ ಹೋಗಿ ಕೇಳಿದರೆ ಒತ್ತಾಯ ಮಾಡಿದಂತೆ, ಅದು ನಿಯಮ. ನಿಯಮವೂ ಒಳ್ಳೆಯದೇ. ಸಿಟ್ಟನ್ನು ಯಾರ ಮೇಲೆ ತೀರಿಸಿಕೊಳ್ಳುವುದೆಂದು ತಿಳಿಯದೆ ಆಟೊದವನ ಜೊತೆ ಸುಮ್ಮನೆ ಜಗಳವಾಡಿದೆ.

ಕೆಲವು ವಾರಗಳಾದ ಮೇಲೆ ಅವಳೇ ಫೋನ್ ಮಾಡಿ, ತನ್ನ ಆಫೀಸಿನ ಹತ್ತಿರದ ಬಸ್ ಸ್ಟಾಪಿಗೆ ಕರೆದಳು. ಮನೆ ಕಡೆ ಮಾತ್ರ ಬರಬೇಡಿ ಎಂದಳು. ಹೋಗಿ ನೋಡಿದರೆ, ಲೋಟ ತೊಳೆಯುವವಳು ಮದುವೆಗೆ ಹೊರಟವಳಂತೆ ಜರಿ ಸೀರೆ ಉಟ್ಟು ಕಾಯುತ್ತಿದ್ದಳು. ಆ ಕುಂಟಿ ಯಾಕೆ ಬಂದಿದ್ದಳು ಎಂದು ಆಂಟಿ ನನ್ನ ಬಗ್ಗೆ ದಿನಾ ಕೇಳುತ್ತಾರಂತೆ. ಇನ್ಶೂರೆನ್ಸ್ ಮಾಡಿಸುವವಳು ಎಂದಿದ್ದಾಳಂತೆ. ಈಗ ಆಂಟಿ ಎಣ್ಣೆ ಬಿಟ್ಟು, ನಮ್ಮ ಡಾಕ್ಟರ್‌ಗೆ ತೋರಿಸು ಎಂದು ಪಟ್ಟು ಹಿಡಿದಿದ್ದಾರೆ. ತೋರಿಸಿದರೆ ಉಳುಕಿನ ಕಥೆ ಅಲ್ಲಿಗೆ ಮುಗಿಯಿತು, ರೂಮೂ ಹೋಯಿತು.

ಸುತ್ತ ಗುರುತಿನವರು ಯಾರೂ ಇಲ್ಲವೆಂದು ನೋಡಿಕೊಂಡು, ನಾನು ಏನೂ ಕೇಳದೆಯೇ ಶುರು ಮಾಡಿದಳು. ಬೆಳಗ್ಗೆ ಯಾರೂ ಬರುವ ಮುಂಚೆ ಆಫೀಸಿನ ಉದ್ದ ಹಾದಿಯಲ್ಲಿ ನಡೆಯುವಾಗ ತನಗೆ ಕುಂಟೇ ಇಲ್ಲ ಅನಿಸುತ್ತದೆ, ಎದುರಿನ ಗಾಜಿನ ಬಾಗಿಲಲ್ಲಿ ಕಂಡಾಗಲೇ ನೆನಪಾಗುವುದು ಎಂದಳು. ಆ ಬಾಗಿಲಲ್ಲಿ ಕಾಣುವವಳ ಮೇಲೆ ಮೊದಮೊದಲು ಸಿಟ್ಟಿತ್ತಂತೆ, ಈಗ ಗೆಳತಿಯಂತೆ. ಇನ್ನೂ ಬಹಳ ಹೇಳಿದಳು. ಅವೆಲ್ಲ ಅವಳವು, ನಾನಿಲ್ಲಿ ಬರೆಯುವುದಿಲ್ಲ.

"ಹೌದ್ರಿ, ನಾ ಅಂಗವಿಕಲೆ ಇದ್ದೀನಿ," ಎಂದಳು ಕೊನೆಗೆ. "ಅನ್ನಾಕ ನನಗ ನಾಚಿಕಿ ಇಲ್ಲ. ಅಂದ್ರ ರೂಮ್ ಹೋಗ್ತದ, ಅಷ್ಟ." ಆಮೇಲೆ ಸೆರಗು ಸರಿಮಾಡಿಕೊಂಡು, ಇವತ್ತು ಬರೋಬರಿ ಹೇಳಿದೆನಾ, ಮೇಡಂ ತಗೋತಾರಾ ಎಂದು ಕೇಳಿದಳು.

ಅಂದು ಸುಳ್ಳು ಹೇಳಬಹುದಿತ್ತು. ನನ್ನಿಂದ ಆಗಲಿಲ್ಲ. ಬೇಕಾದಷ್ಟು ಜನ ಆಗಲೇ ಸಿಕ್ಕಿಯಾಗಿದೆ, ಮಾತಾಡಿಸುವ ಕೆಲಸ ಮುಗಿದಿದೆ ಎಂದೆ.

ಅವಳ ಬಸ್ಸು ಬಂತು. ಬುತ್ತಿಯ ಚೀಲ ಎತ್ತಿಕೊಂಡು, ಅಭ್ಯಾಸವಿದ್ದವಳಂತೆ ನಕ್ಕಳು.

"ಅಂದ್ರ ಅಲ್ಲೂ ಖಾಲಿ ಇಲ್ಲ ಅನ್ರಿ."