ಹಿಡಿ ಜೋಳದ ಸಾವಂತ್ರೆವ್ವ

ಮುಂಡರಗಿಯ ಓಣಿಗಳಲ್ಲಿ ಇನ್ನೂ ಮಬ್ಬುಗತ್ತಲೆ. ಬೀಸುಕಲ್ಲಿನ ಸದ್ದು ಕೇಳುವ ಮನೆಯ ಮುಂದೆ ಸಾವಂತ್ರೆವ್ವ ನಿಲ್ಲುತ್ತಾಳೆ. ಒಳಗಿನ ಹೆಣ್ಣುಮಗಳು ಬೀಸುವುದನ್ನು ಬಿಟ್ಟು ಎದ್ದು, ಒಲೆಯ ಬದಿಯ ಕುಡಿಕೆಯನ್ನು ತಂದು ಅವಳ ಚೀಲಕ್ಕೆ ಬಗ್ಗಿಸುತ್ತಾಳೆ. ಬೀಸಲು ಕೂಡುವ ಮೊದಲು ದಿನಕ್ಕೊಂದು ಹಿಡಿ ಜೋಳವನ್ನು ಆ ಕುಡಿಕೆಗೆ ಹಾಕಿಡುವುದು ಇಲ್ಲಿಯ ರೂಢಿ. ವಾರಕ್ಕೊಮ್ಮೆ ಸಾವಂತ್ರೆವ್ವ ಬಂದು ಅದನ್ನು ಪೇಟೆಯ ಹಿಂದಿನ ಗಂಜಿಮನೆಗೆ ಒಯ್ಯುತ್ತಾಳೆ. ತಂದೆತಾಯಿ ಇಲ್ಲದ ಮಕ್ಕಳು ಅಲ್ಲಿ ಉಣ್ಣುತ್ತವೆ.

ಹೋದ ವರ್ಷ ಇಷ್ಟೊತ್ತಿಗೆ ಅವಳು ತುಂಬಿದ ಚೀಲವನ್ನು ಒಮ್ಮೆ ಸುರಿದು, ಮತ್ತೆ ತಿರುಗಲು ಹೊರಟಿರುತ್ತಿದ್ದಳು. ಇಂದು ಅರ್ಧ ಊರು ಸುತ್ತಿದರೂ ಚೀಲದ ತಳ ಮುಚ್ಚಿದೆ, ಅಷ್ಟೇ.

ಅವಳ ಊರು ಗಡಿಯಾಚೆ, ನಿಜಾಮನ ಸೀಮೆಯಲ್ಲಿತ್ತು. ದೇಶಕ್ಕೆ ಸ್ವಾತಂತ್ರ್ಯ ಬಂದ ಮರುವರ್ಷ ರಜಾಕಾರರ ಹಾವಳಿಗೆ ಊರಿಗೆ ಊರೇ ಗುಳೆ ಎದ್ದಾಗ, ಗಂಡ ದೇವಪ್ಪ ಮತ್ತು ಎದೆಹಾಲು ಬಿಡದ ಮಗಳೊಂದಿಗೆ ಹೊಲದ ದಾರಿ ಹಿಡಿದು ಮುಂಡರಗಿಯ ಶಿಬಿರಕ್ಕೆ ಬಂದಳು. ಎತ್ತುಗಳನ್ನು ಕಟ್ಟಿಹಾಕಿ ಬಂದಿದ್ದೇವೆ, ಹಗ್ಗ ಬಿಚ್ಚಿಯಾದರೂ ಬರುತ್ತೇನೆಂದು ತಿರುಗಿ ಹೋದ ದೇವಪ್ಪ ಮತ್ತೆ ಬರಲಿಲ್ಲ. ಮಗು ವಾಂತಿಭೇದಿಯಾಗಿ ಶಿಬಿರದಲ್ಲೇ ತೀರಿಕೊಂಡಿತು.

"ಮಗಳನ್ನ ಮಣ್ಣಾಗ ಇಟ್ಟು ಬಂದ ದಿನಾನೂ ಗಂಜಿ ಕುಡದೆನ್ರಿ," ಎನ್ನುತ್ತಾಳೆ ಸಾವಂತ್ರೆವ್ವ. "ಹೊಟ್ಟಿ ಕೇಳಲಿಲ್ಲ. ಇದು ಯಾರ ಮನಿ ಜ್ವಾಳ ಅಂತ ಕೇಳಿದೆ. ಎಲ್ಲಾರ ಮನೀದೂ ಐತವ್ವ, ಕುಡಿ ಅಂದ್ರು."

ಶಿಬಿರ ಎದ್ದುಹೋದ ಮೇಲೂ ಅನಾಥ ಮಕ್ಕಳಿಗಾಗಿ ಗಂಜಿಮನೆ ಉಳಿಯಿತು. ಸಾವಂತ್ರೆವ್ವನೂ ಉಳಿದಳು. ಬೆಳಗ್ಗೆ ಚೀಲ ಹೊರುತ್ತಾಳೆ, ಬಿಸಿಲೇರಿದ ಮೇಲೆ ಕಂಡವರ ಹೊಲದಲ್ಲಿ ಕಳೆ ತೆಗೆಯುತ್ತಾಳೆ. ತನ್ನ ಊಟ ತನ್ನ ಕೂಲಿಯದು. ಗಂಜಿಮನೆಯ ನೀರನ್ನಷ್ಟೇ ಕುಡಿಯುತ್ತಾಳೆ.

ಈ ಬೇಸಿಗೆಯಲ್ಲಿ ಗಂಜಿಮನೆಯ ಹಿರಿಯ, ಹತ್ತಿ ವ್ಯಾಪಾರದ ಕೊಟ್ರಪ್ಪನವರು ಅವಳನ್ನು ಕರೆಸಿದರು. ಕಾಳಿಗೆ ನುಸಿ ಹತ್ತುತ್ತದೆ, ಜೋಳದಲ್ಲಿ ಸಜ್ಜೆ ಬೆರೆತಿರುತ್ತದೆ, ಕೇರಲು ಆಳು ಬೇಕು ಎಂಬುದು ಅವರ ತಕರಾರು.

"ಇನ್ನ ತಿರಗಬ್ಯಾಡ ಸಾವಂತ್ರೆವ್ವಾ. ಪ್ಯಾಟ್ಯಾಗ ರೊಕ್ಕಾನ ಎತ್ತತೀವಿ."

"ರೊಕ್ಕ ಗಂಡಸರ ಕಿಸೇದಾಗ ಇರತೈತ್ರಿ ಸಾವ್ಕಾರ್ರ. ಹೆಣ್ಮಕ್ಕಳು ಏನ ಕೊಡಬೇಕು?"

"ಅವರ ಗಂಡಂದಿರು ಕೊಡತಾರಲ್ಲ. ಇಬ್ಬರ್ಯಾಕ ಕೊಡಬೇಕು?"

ಮನೆಮನೆಗೆ ಹೋಗಿ ಇನ್ನು ಕಾಳು ತೆಗೆದಿಡಬೇಡಿ ಎಂದು ಹೇಳುವ ಕೆಲಸವೂ ಅವಳ ಪಾಲಿಗೇ ಬಂತು. ಕೌದಿ ಹೊಲಿದು ಬದುಕುವ ಒಂಟಿ ಹೆಂಗಸು ಗೌಸಬಿ ಕುಡಿಕೆಯನ್ನು ಕೈಯಲ್ಲೇ ಹಿಡಿದು ಕೇಳಿದಳು: "ನಮ್ಮ ಕಾಳಿಗೆ ಏನಾಗಿತ್ತಕ್ಕಾ?" ಸಾವಂತ್ರೆವ್ವ ಖಾಲಿ ಚೀಲ ಮಡಚಿಕೊಂಡು ಮುಂದಿನ ಮನೆಗೆ ನಡೆದಳು.

ದಸರೆಯ ಹೊತ್ತಿಗೆ ಹತ್ತಿಯ ಧಾರಣೆ ಬಿತ್ತು. ಕೊಡುತ್ತೇವೆಂದಿದ್ದ ವ್ಯಾಪಾರಿಗಳು ಇಂದು ನಾಳೆ ಎಂದು ದಿನ ದೂಡಿದರು. ಗಂಜಿ ತೆಳ್ಳಗಾಯಿತು. ದೂರದ ಬಳಗವಾದರೂ ಇದ್ದ ಮಕ್ಕಳನ್ನು ಅವರವರ ಮನೆಗೆ ಕಳಿಸಿದರು. ಶಂಕ್ರೆವ್ವ ಎಂಬ ಪುಟ್ಟ ಹುಡುಗಿ ಬೆಳ್ಳಟ್ಟಿಯ ಬಳಗದವರ ಮನೆಗೆ ಹೋದಳು. ದೀಪಾವಳಿಯ ಹಟ್ಟಿಹಬ್ಬ ಕಳೆದ ಮೇಲೆ, ಜ್ವರ ಬಂದು ಅವಳು ಸತ್ತಳೆಂಬ ಖಬರು ಬಂತು.

ಅದೇ ವಾರ ಕೊಟ್ರಪ್ಪನವರು ತಾವಾಗಿಯೇ ಸಾವಂತ್ರೆವ್ವನ ಗುಡಿಸಲಿಗೆ ಬಂದರು. ಕುಂಡ್ರಿ ಅಂದರೂ ಕೂಡಲಿಲ್ಲ.

"ಮತ್ತ ಚೀಲ ತಗೋಬೇಕು ನೀ," ಅಂದರು.

"ತಗೋತೀನ್ರಿ. ಶಂಕ್ರಿ ಬರತಾಳೇನ್ರಿ?"

ಅವರು ಬಂದ ದಾರಿಯಲ್ಲೇ ತಿರುಗಿ ಹೋದರು.

ಕನ್ನಡನಾಡು ಒಂದಾದ ಸಂಭ್ರಮಕ್ಕೆ ಕಟ್ಟಿದ ತೋರಣಗಳು ಓಣಿಯ ಬಾಗಿಲುಗಳಲ್ಲಿ ಈಗ ಒಣಗಿ ನೇತಾಡುತ್ತಿವೆ. ಅವುಗಳ ಕೆಳಗೆ ನಿಂತು ಸಾವಂತ್ರೆವ್ವ ಮೊದಲಿನಿಂದ ಕೇಳಬೇಕಾಗಿದೆ. "ರೊಕ್ಕದವರು ಅದಾರಲ್ಲ, ಅವರ್ನ ಕೇಳಹೋಗು" ಎಂದು ಒಬ್ಬಾಕೆ ಒಳಗಿನಿಂದಲೇ ಹೇಳುತ್ತಾಳೆ. ಇನ್ನೊಬ್ಬಾಕೆಯ ಕುಡಿಕೆಯಲ್ಲಿ ಈಗ ಉಪ್ಪು ತುಂಬಿದೆ. ಸಾವಂತ್ರೆವ್ವ ಸಿಟ್ಟಾಗುವುದಿಲ್ಲ. "ಬ್ಯಾಡ ಅಂದಾಕಿ ನಾನ. ಅವರದೇನು ತಪ್ಪೈತ್ರಿ?"

ಗೌಸಬಿಯ ಮನೆಯಲ್ಲಿ ಮಾತ್ರ ಕುಡಿಕೆ ತುಂಬಿ, ಪಕ್ಕದಲ್ಲೊಂದು ಡಬ್ಬಿಯೂ ತುಂಬಿದೆ. ಬೇಡವೆಂದ ಮೇಲೂ ಅವಳು ಒಂದು ದಿನವೂ ಬಿಟ್ಟಿಲ್ಲ. ಅರ್ಧಕ್ಕರ್ಧ ನುಸಿ. ಇಬ್ಬರೂ ಅಂಗಳದಲ್ಲಿ ಕುಳಿತು ಮೊರದಲ್ಲಿ ಕೇರುತ್ತಾರೆ. ಜೊಳ್ಳು ಹಾರಿಹೋಗಿ ಉಳಿಯುವುದು ಸ್ವಲ್ಪವೇ. ಸಾವಂತ್ರೆವ್ವ ಅದನ್ನು ಬೊಗಸೆಯಲ್ಲಿ ಎತ್ತಿ ಚೀಲಕ್ಕೆ ಹಾಕುತ್ತಾಳೆ.

ನಿನಗೇನಾದರೂ ಬೇಕೇ ಎಂದು ಕೇಳಿದರೆ ಚೀಲದ ಬಾಯಿ ಕಟ್ಟುತ್ತ ಹೇಳುತ್ತಾಳೆ:

"ನಂಗೇನ ಬ್ಯಾಡ್ರಿ. ನನ್ನ ಕಾಲು ಸೋತ ಮ್ಯಾಲ ಈ ಚೀಲಾನ ಇನ್ನೊಬ್ಬಾಕಿ ಹೊರಬೇಕು. ಕೈಯಾಗ ದುಡ್ಡಿಲ್ಲದಾಕಿನೂ ರಾತ್ರಿ ಮಲಗುವಾಗ, ಇವತ್ತ ನಾನೂ ಒಂದು ಕೂಸಿಗೆ ಉಣ್ಣಾಕ ಕೊಟ್ಟೆ ಅನಬೇಕು. ಅಷ್ಟ ಆದ್ರ ಸಾಕ್ರಿ."