ಕಾಡುಸಾಸಿವೆಯ ಕಪ್ಪು ಎಲೆಗಳು

ಆ ಗಿಡವನ್ನು ಮೊದಲು ಕಂಡವಳು ನಾನು. ಇಷ್ಟು ವರ್ಷ ಯಾರೂ ಕೇಳಲಿಲ್ಲ, ಹಾಗಾಗಿ ನಾನೇ ಹೇಳಿಕೊಳ್ಳುತ್ತಿದ್ದೇನೆ. ಸಸ್ಯಶಾಸ್ತ್ರ ಓದಲು ಹುಬ್ಬಳ್ಳಿಯಿಂದ ಧಾರವಾಡಕ್ಕೆ ದಿನಾ ಬಸ್ಸಿನಲ್ಲಿ ಹೋಗುತ್ತಿದ್ದೆ. ಒಂದು ದಿನ ರಾಯಾಪುರದ ಹತ್ತಿರ ಬಸ್ಸು ಕೆಟ್ಟು ನಿಂತಾಗ, ಗಟಾರದ ದಂಡೆಯಲ್ಲಿ ನಾಲ್ಕೆಸಳಿನ ಸಣ್ಣ ಹಳದಿ ಹೂಗಳು ಕಂಡವು. ಕಾಡುಸಾಸಿವೆ! ನಮ್ಮ ವಿಭಾಗದ ಒಣಗಿಡಗಳ ಕಪಾಟಿನಲ್ಲಿ ಅದನ್ನು ಒಣಗಿಸಿ ಅಂಟಿಸಿದ ಒಂದು ಹಾಳೆಯೂ ಇರಲಿಲ್ಲ. ತಂದವರ ಹೆಸರು ಹಾಳೆಯ ಮೂಲೆಯ ಚೀಟಿಯಲ್ಲಿ ಕಾಯಂ ಉಳಿಯುತ್ತದೆ. ನನಗೆ ಆ ಚೀಟಿ ಬೇಕಿತ್ತು.

ಕಿತ್ತುಕೊಂಡು ವಿಭಾಗಕ್ಕೆ ಓಡಿದೆ. ಪಾಠ ಮಾಡುತ್ತಿದ್ದ ಸರ್ ಗಿಡವನ್ನು ತಿರುಗಿಸಿ ನೋಡಿ ನಕ್ಕರು.

"ಕಾಯಿ ಎಲ್ಲದಾವ? ಸಾಸಿವಿ ಜಾತಿ ಗಿಡಾನ ಕಾಯಿ ನೋಡದ ಗುರ್ತು ಹಿಡಿಯೂದಂದ್ರ, ಮಾರಿ ನೋಡದ ಹೆಣ್ಣ ಒಪ್ಪಿದಂಗ. ಹದಿನೈದ ದಿನ ತಡಿ."

ಇಡೀ ತರಗತಿ ನಕ್ಕಿತು. ಗಿಡವನ್ನು ಅಲ್ಲೇ ಬಿಸಾಕಿದೆ.

ಹದಿನೈದು ದಿನ ಕಳೆದ ಮೇಲೆ ನನ್ನದೇ ತರಗತಿಯ ಕೇಶ್ವಾಪುರದ ಗೆಳತಿ ಕೇಳಿದಳು. "ನೀ ಮತ್ತ ಅಲ್ಲಿಗೆ ಹೋಗತಿ ಏನ? ಇಲ್ಲಂದ್ರ ನಾ ಹೋಗಿ ತರತೇನಿ."

"ಹೋಗ, ಆ ಕಸ ಯಾರಿಗೆ ಬೇಕಾಗೇತಿ?" ಎಂದೆ.

ಅವಳು ಬೇರು, ಹೂ, ಕಾಯಿ ಎಲ್ಲ ಇದ್ದ ಗಿಡವನ್ನೇ ತಂದಳು. ಸರ್ ಎರಡು ಸಲ "ಛಲೋ" ಎಂದರು. ನನಗೆ ಒಂದು ಸಲವೂ ಅಂದವರಲ್ಲ. ಹೊಟ್ಟೆ ಉರಿದುಹೋಯಿತು.

ಹಸಿ ಗಿಡವನ್ನು ಹಳೆಯ ಪೇಪರುಗಳ ನಡುವೆ ಇಟ್ಟು, ಎರಡು ಹಲಗೆಗಳಿಂದ ಬಿಗಿದು, ದಿನಾ ಒಣ ಪೇಪರು ಬದಲಿಸಬೇಕು. ಇಲ್ಲದಿದ್ದರೆ ಎಲೆ ಕಪ್ಪಾಗುತ್ತದೆ. ಮರುದಿನವೇ ಅವಳು ಅಕ್ಕನ ಮದುವೆಗೆ ಹೊರಟಿದ್ದಳು. ಹಲಗೆಗಳನ್ನು ಕಮರಿಪೇಟೆಯ ನಮ್ಮ ಮನೆಗೇ ತಂದುಕೊಟ್ಟಳು.

"ನಾಕ ದಿನ ಪೇಪರ್ ಬದಲಸ್ತಿ ಹೌದಲ್ಲ? ಬ್ಯಾರೆ ಯಾರ ಕೈಯಾಗೂ ಕೊಡಂಗಿಲ್ಲ ನಾ."

ನಾಲ್ಕು ದಿನವೂ ಮುಟ್ಟಲಿಲ್ಲ. ಮರೆತೆ ಎಂದು ಬರೆದರೆ ಸುಳ್ಳಾಗುತ್ತದೆ. ದಿನಾ ಅದರ ಪಕ್ಕದಲ್ಲೇ ಕೂತು ಚಹಾ ಕುಡಿದೆ.

ಅವಳು ಬಂದು ಬಿಚ್ಚಿದಾಗ ಎಲೆಗಳು ಕಪ್ಪಾಗಿದ್ದವು. ನನ್ನ ಮುಖ ನೋಡಿ, "ನಂದ ತಪ್ಪು. ನೀರ ಒರಸದ ಒತ್ತಿಬಿಟ್ಟಿದ್ದೆ" ಎಂದಳು. ಸರ್ ಎದುರಿಗೂ ಹಾಗೇ ಹೇಳಿ ಬೈಸಿಕೊಂಡಳು. ಕಾಯಿಗಳು ಚೆನ್ನಾಗಿದ್ದವು, ಹಾಳೆ ಕಪಾಟು ಸೇರಿತು. ಚೀಟಿಯಲ್ಲಿ ಅವಳ ಹೆಸರು.

ಈಗ ನಾನು ಅದೇ ವಿಭಾಗದಲ್ಲಿ ಪಾಠ ಮಾಡುತ್ತೇನೆ. ಹೋದ ತಿಂಗಳು ಹಾಳೆಗಳ ಫೋಟೊ ತೆಗೆದು ಕಂಪ್ಯೂಟರಿಗೆ ಹಾಕುವ ಕೆಲಸ ನನ್ನ ಪಾಲಿಗೆ ಬಂತು. ಆ ಹಾಳೆ ಕೈಗೆ ಸಿಕ್ಕಾಗ ತಡೆಯಲಾಗದೆ ಅವಳಿಗೆ ಫೋನ್ ಮಾಡಿ ಎಲ್ಲ ಒಪ್ಪಿಕೊಂಡೆ.

"ಗೊತ್ತಿತ್ತ ಬಿಡ. ನಾ ಹಾಕಿಟ್ಟಿದ್ದ, ನಮ್ಮಪ್ಪ ಪದಬಂಧ ತುಂಬಿದ್ದ ಪೇಪರ್ ಹಾಂಗ ಇತ್ತು, ಒಂದೂ ಬದಲಾಗಿದ್ದಿಲ್ಲ."

"ಮತ್ತ ನಿಂದ ತಪ್ಪು ಅಂತ ಯಾಕ ಅಂದಿ?"

"ನಿನ್ನ ಮಾರಿ ಆ ಎಲಿಗಿಂತ ಕರ್ರಗಾಗಿತ್ತಲೇ!"

ಅವಳು ನಗುತ್ತಲೇ ಇದ್ದಳು. ಅವಳ ಜಾಗದಲ್ಲಿ ನಾನಿದ್ದರೆ ಎಲ್ಲರ ಮುಂದೆ ಅವಳ ಮಾನ ಕಳೆಯುತ್ತಿದ್ದೆ. ಇನ್ನೊಬ್ಬರ ತಪ್ಪನ್ನು ತನ್ನ ಮೈಮೇಲೆ ಹಾಕಿಕೊಳ್ಳುವ ಮನಸ್ಸು ಅವಳಿಗಿದೆ, ನನಗಿಲ್ಲ. ಆ ಚೀಟಿಗಾಗಿ ಪಟ್ಟದ್ದಕ್ಕಿಂತ ಹೆಚ್ಚಿನ ಹೊಟ್ಟೆಕಿಚ್ಚು ಆ ಫೋನ್ ಇಟ್ಟ ಮೇಲೆ ಪಟ್ಟೆ.